ಎಸ್ಟ್ರೇಂಜ್ಡ್ ಅಂದರೆ ಡೈವೋರ್ಸ್ ಅಲ್ಲ

ಎಲ್ಲರಿಗೂ ನಮಸ್ಕಾರ. ಇದನ್ನೆಲ್ಲ ಟೈಪ್ ಮಾಡುತ್ತಾ ಕೂತರೆ ರಾತ್ರಿಯಾಗುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಕೆಲಸ ಮಾಡಿಕೊಳ್ಳುತ್ತಾ ಕೇಳಿ.

ಅತ್ತಿಗೆ ಬೆಳಗ್ಗೆ ಒಂದು ಇಂಗ್ಲಿಷ್ ಸುದ್ದಿಯ ತುಣುಕು ಹಾಕಿದ್ದರು. ಅದರಲ್ಲಿ 'ಎಸ್ಟ್ರೇಂಜ್ಡ್ ಹಸ್ಬೆಂಡ್' ಅಂತ ಇತ್ತು. ಹಾಗಂದರೆ ಡೈವೋರ್ಸ್ ಆದವನಾ ಅಂತ ಅವರ ಪ್ರಶ್ನೆ. ಭಾವ ಅದಕ್ಕೆ 'ವಿಚಿತ್ರ ಗಂಡ' ಅಂತ ಉತ್ತರ ಕೊಟ್ಟು ನಗುವ ಇಮೋಜಿ ಹಾಕಿದರು. ಚಿಕ್ಕಪ್ಪ 'ಅಲೂಫ್ ಅಂತಾರಲ್ಲ, ಅದೇ' ಅಂದರು.

ಅತ್ತಿಗೆ, ಡೈವೋರ್ಸ್ ಆದವನಲ್ಲ. ಕಾಗದದ ಮೇಲೆ ಅವರಿಬ್ಬರೂ ಇನ್ನೂ ಗಂಡ ಹೆಂಡತಿಯೇ. ಆದರೆ ಮನಸ್ಸು ಮುರಿದಿದೆ. ಸಾಮಾನ್ಯವಾಗಿ ಬೇರೆ ಬೇರೆ ಇರುತ್ತಾರೆ. ಡೈವೋರ್ಸ್ ಆಗಿಬಿಟ್ಟಿದ್ದರೆ 'ಎಕ್ಸ್ ಹಸ್ಬೆಂಡ್' ಅಂತ ಬರೆಯುತ್ತಿದ್ದರು. 'ಸೆಪರೇಟೆಡ್' ಅನ್ನುವುದು ಇವೆರಡರ ನಡುವೆ ಬರುತ್ತದೆ, ಬೇರೆ ವಾಸ ಮಾಡುತ್ತಿದ್ದಾರೆ ಅಂತಷ್ಟೇ ಅದು ಹೇಳುತ್ತದೆ. ಚೆನ್ನಾಗಿ ಮಾತಾಡಿಕೊಂಡೇ ಸೆಪರೇಟ್ ಆದವರೂ ಇರಬಹುದು. ಎಸ್ಟ್ರೇಂಜ್ಡ್ ಅಂದ ಕೂಡಲೇ ಮಾತು, ಪ್ರೀತಿ ಕಡಿದುಹೋಗಿದೆ ಅಂತ ಅರ್ಥ.

ಭಾವ ತಮಾಷೆಗೆ ಹೇಳಿದರೂ ಅದರಲ್ಲಿ ಸತ್ಯ ಇದೆ. ಸ್ಟ್ರೇಂಜ್, ಸ್ಟ್ರೇಂಜರ್, ಎಸ್ಟ್ರೇಂಜ್ ಮೂರೂ ಒಂದೇ ಬೇರಿನವು. ಲ್ಯಾಟಿನ್‌ನಲ್ಲಿ 'ಎಕ್ಸ್‌ಟ್ರೇನಿಯಸ್' ಅಂದರೆ ಹೊರಗಿನ, ಹೊರಗಿನಿಂದ ಬಂದ ಅಂತ. ಅದು ಹಳೆಯ ಫ್ರೆಂಚಿನಲ್ಲಿ 'ಎಸ್ಟ್ರೇಂಜ್' ಆಯಿತು. ಇಂಗ್ಲಿಷಿಗೆ ಬಂದ ಮೇಲೆ ಒಂದು ಪದದ ಮುಂದಿನ ಎ ಉದುರಿ ಸ್ಟ್ರೇಂಜ್ ಆಯಿತು, ಕ್ರಿಯಾಪದದಲ್ಲಿ ಮಾತ್ರ ಉಳಿದುಕೊಂಡಿತು. ನಮ್ಮಲ್ಲಿ ಸ್ಕೂಲನ್ನು ಇಸ್ಕೂಲ್ ಅನ್ನುವವರ ಬಾಯಲ್ಲಿ ಎರಡೂ ಒಂದೇ ಥರ ಕೇಳಿಸುತ್ತವೆ, ಹಾಗಾಗಿ ಭಾವನ ಮೇಲೆ ಜಾಸ್ತಿ ತಪ್ಪು ಹೊರಿಸಬೇಡಿ!

ಕನ್ನಡದಲ್ಲಿ ಯಾರ ಬಗ್ಗೆಯಾದರೂ 'ಅವನು ನಮಗೆ ಹೊರಗಿನವನೇ ಆಗಿಬಿಟ್ಟ' ಅನ್ನುತ್ತೇವಲ್ಲ, ಸರಿಯಾಗಿ ಅದೇ. ಇಲ್ಲಿ 'ಆಗಿಬಿಟ್ಟ' ಅನ್ನುವುದೇ ಮುಖ್ಯ. ಅಂದರೆ ಮೊದಲು ಒಳಗಿನವನಾಗಿದ್ದ. ಆ ಹಿಂದಿನ ಸಲಿಗೆ ಇಲ್ಲದಿದ್ದರೆ ಈ ಪದಕ್ಕೆ ಜಾಗವೇ ಇಲ್ಲ. ಎದುರು ಸಿಕ್ಕಾಗ ತಲೆಯಾಡಿಸುವ ಪರಿಚಯದವರು ಮಾತು ಬಿಟ್ಟರೆ ಅವರು ಎಸ್ಟ್ರೇಂಜ್ಡ್ ಆಗುವುದಿಲ್ಲ. ಅಪ್ಪ ಮಗ, ಅಣ್ಣ ತಮ್ಮ, ಗಂಡ ಹೆಂಡತಿ, ಜೀವದ ಗೆಳೆಯರು, ಇಂಥವರಿಗೆ ಮಾತ್ರ ಅದು ಒಪ್ಪುತ್ತದೆ. ಹಾಗಂತ ಎರಡು ದಿನದ ಮುನಿಸಿಗೂ ಇದನ್ನು ಬಳಸಬಾರದು. ಮುನಿಸಿಕೊಂಡವರು ಸಮಾಧಾನ ಮಾಡಲಿ ಅಂತ ಕಾಯುತ್ತಿರುತ್ತಾರೆ. ಎಸ್ಟ್ರೇಂಜ್ಡ್ ಆದವರು ಎಷ್ಟೋ ಸಲ ಕಾಯುವುದನ್ನೂ ಬಿಟ್ಟಿರುತ್ತಾರೆ.

ಚಿಕ್ಕಪ್ಪ, ನೀವು ಹೇಳಿದ ಅಲೂಫ್ ಬೇರೆ. ಅದು ಸ್ವಭಾವ ಅಥವಾ ಆ ಹೊತ್ತಿನ ನಡವಳಿಕೆ. ಹತ್ತು ಜನ ಸೇರಿದ ಕಡೆ ಒಬ್ಬರು ಯಾರ ಜೊತೆಗೂ ಬೆರೆಯದೆ ಮೂಲೆಯಲ್ಲಿ ಇರುತ್ತಾರಲ್ಲ, ಅವರು ಅಲೂಫ್. ಯಾರ ಜೊತೆಗೂ ಜಗಳ ಆಗಿರಬೇಕಿಲ್ಲ. ಈ ಪದ ಬಂದದ್ದು ಹಾಯಿಹಡಗಿನವರಿಂದ. ಗಾಳಿ ಹಡಗನ್ನು ದಡದ ಕಡೆ ತಳ್ಳುವಾಗ ಅದರ ಮೂತಿಯನ್ನು ಗಾಳಿ ಬರುವ ದಿಕ್ಕಿಗೆ ತಿರುಗಿಸಿ, ದಡಕ್ಕೆ ಬಡಿಯದ ಹಾಗೆ ನೋಡಿಕೊಳ್ಳುತ್ತಿದ್ದರು. ಆ ಗಾಳಿಯ ಕಡೆಗೆ 'ಲಫ್' ಅಂತ ಹೆಸರು, ಅಲೂಫ್ ಹುಟ್ಟಿದ್ದು ಅಲ್ಲಿಂದ. ತಾನಾಗಿಯೇ ದೂರ ಉಳಿಯುವುದು ಅನ್ನುವ ಅರ್ಥ ಅದರಲ್ಲಿ ಈಗಲೂ ಇದೆ. ಕೇಳುವವರಿಗೆ ಸ್ವಲ್ಪ ಬಿಗುಮಾನದವರು ಅಂತಲೂ ಅನ್ನಿಸುತ್ತದೆ. ನನ್ನನ್ನು ಕೇಳಿದರೆ, ಸುಮ್ನೆ ನಾಚಿಕೆ ಸ್ವಭಾವದವರಿಗೆಲ್ಲ ಅಲೂಫ್ ಅನ್ನುವುದು ಅನ್ಯಾಯ.

ಡಿಟ್ಯಾಚ್ಡ್ ಅಂತ ಇನ್ನೊಂದಿದೆ, ಅಂದರೆ ಭಾವನೆಗೆ ಸಿಲುಕದೆ ದೂರ ನಿಂತು ನೋಡುವವರು, ಅದು ಹೊಗಳಿಕೆಯೂ ಆಗಬಹುದು. ಕೈ ನಡುಗದೆ ಆಪರೇಷನ್ ಮಾಡಬೇಕಾದ ಡಾಕ್ಟರ್, ಎರಡೂ ಕಡೆ ಕೇಳಬೇಕಾದ ಜಡ್ಜ್, ಇವರು ಡಿಟ್ಯಾಚ್ಡ್ ಆಗಿಯೇ ಇರಬೇಕು. ಎಸ್ಟ್ರೇಂಜ್ಡ್ ಅಂತ ಯಾರೂ ಹೊಗಳಿಕೆಗೆ ಹೇಳುವುದಿಲ್ಲ.

ಈಗ ನನಗೆ ಕಿರಿಕಿರಿ ಮಾಡುವ ವಿಷಯ. ಸುದ್ದಿಯ ತಲೆಬರಹಗಳಲ್ಲಿ 'ಎಸ್ಟ್ರೇಂಜ್ಡ್ ವೈಫ್' ಅಂತ ನೋಡಿದ ತಕ್ಷಣ, ಅವಳೇ ಬಿಟ್ಟು ಹೋದಳು ಅಂತ ಓದುವವರಿಗೆ ಅನ್ನಿಸುತ್ತದೆ. ಪದದಲ್ಲಿ ಅದು ಇಲ್ಲವೇ ಇಲ್ಲ. ಯಾರು ಬಿಟ್ಟರು, ಯಾರದ್ದು ತಪ್ಪು, ಯಾಕೆ ಹೀಗಾಯಿತು, ಯಾವುದನ್ನೂ ಅದು ಹೇಳುವುದಿಲ್ಲ. ಅವಳು ಅವನಿಂದ ದೂರವಾಗಿದ್ದಾಳೆ ಅಂದರೆ ಅವನೂ ಅವಳಿಂದ ದೂರವೇ ಅಲ್ವಾ? ಆದರೆ ಯಾರ ಕಡೆಯಿಂದ ಸುದ್ದಿ ಬರೆಯುತ್ತಾರೋ ಅವರನ್ನು ಬಿಟ್ಟು, ಇನ್ನೊಬ್ಬರ ಹೆಸರಿನ ಮುಂದೆ ಈ ಪದ ಅಂಟಿಕೊಳ್ಳುತ್ತದೆ. ಮನೆಯಲ್ಲಿ ಹೊಡೆತ ತಿಂದು ಹೊರಗೆ ಬಂದವಳಿಗೂ ಅದೇ ಪದ, ಹೊಡೆದವನಿಗೂ ಅದೇ. ಹಾಗಾಗಿ ಇದೊಂದನ್ನೇ ಓದಿ ಯಾರ ಬಗ್ಗೆಯೂ ತೀರ್ಮಾನ ಮಾಡಬೇಡಿ.

ಬರೆಯುವ ರೀತಿಯನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಪುಟ್ಟಿ ಮಧ್ಯಾಹ್ನ 'ಐ ಆಮ್ ಎಸ್ಟ್ರೇಂಜ್ಡ್ ವಿತ್ ಮ್ಯಾಥ್ಸ್' ಅಂತ ಹಾಕಿದ್ದಳು. ಪುಟ್ಟಿ, 'ವಿತ್' ಅಲ್ಲ, 'ಫ್ರಮ್'. ಕನ್ನಡದಲ್ಲೂ ಅವನ ಜೊತೆ ದೂರ ಅನ್ನುವುದಿಲ್ಲ, ಅವನಿಂದ ದೂರ ಅನ್ನುತ್ತೇವಲ್ಲ, ಹಾಗೆ. ವಸ್ತುಗಳಿಗೂ ವಿಚಾರಗಳಿಗೂ ಈ ಪದ ಬರುತ್ತದೆ, ಒಬ್ಬರು ತಮ್ಮ ಪಕ್ಷದಿಂದ, ನಂಬಿಕೆಯಿಂದ ಎಸ್ಟ್ರೇಂಜ್ಡ್ ಆಗಬಹುದು. ಆದರೆ ಗಣಿತದ ಜೊತೆ ನಿನಗೆ ಮೊದಲು ಸ್ನೇಹ ಇತ್ತಾ ಅನ್ನುವುದನ್ನು ನೀನೇ ಹೇಳಬೇಕು! ನಾಮಪದ ಬೇಕಾದರೆ 'ಎಸ್ಟ್ರೇಂಜ್‌ಮೆಂಟ್'. ಮತ್ತೆ ಒಂದಾದರೆ 'ರೆಕನ್ಸೈಲ್' ಆದರು ಅನ್ನುತ್ತಾರೆ.

ಇದು ಅಪರೂಪದ ಸಂಗತಿ ಅಂತ ಅಂದುಕೊಳ್ಳಬೇಡಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕಾರ್ಲ್ ಪಿಲೆಮರ್ ಅನ್ನುವ ಸಮಾಜಶಾಸ್ತ್ರಜ್ಞರು 1,340 ಜನರನ್ನು ಕೇಳಿ, 2020ರಲ್ಲಿ ಅದರ ಫಲಿತಾಂಶ ಹೊರತಂದರು. ನೂರಕ್ಕೆ 27 ಜನ ತಮ್ಮದೇ ಕುಟುಂಬದ ಯಾರಾದರೂ ಒಬ್ಬರ ಜೊತೆ ಸಂಪರ್ಕ ಕಡಿದುಕೊಂಡಿದ್ದರು. ಅದು ಒಂದು ದೇಶದ ಲೆಕ್ಕ, ಎಲ್ಲ ಕಡೆಗೂ ಹಾಗೇ ಅನ್ವಯಿಸಬೇಡಿ. ಆದರೂ ನೂರಕ್ಕೆ 27 ಕಡಿಮೆಯೇನಲ್ಲ.

ಮರ್ರೆ ಬೋವೆನ್ ಅಂತ ಒಬ್ಬ ಅಮೆರಿಕನ್ ಮನೋವೈದ್ಯರಿದ್ದರು. ಅವರು 'ಎಮೋಷನಲ್ ಕಟಾಫ್' ಅಂತ ಒಂದು ಮಾತು ಬಳಸಿದರು. ಮನೆಯವರ ಜೊತೆಗಿನ ತಿಕ್ಕಾಟ ತಡೆಯಲಾರದೆ ದೂರ ಹೋಗುವವರಿದ್ದಾರೆ. ಎಲ್ಲೂ ಹೋಗದೆ, ಬಂದು ಹೋಗುತ್ತಲೇ, ಮುಖ್ಯ ವಿಷಯ ಬಂದಾಗ ಮಾತು ತಿರುಗಿಸುವವರೂ ಇದ್ದಾರೆ. ಎರಡೂ ಕಟಾಫ್ ಅಂತಲೇ ಅವರ ಲೆಕ್ಕ. ಹೀಗೆ ದೂರ ಇದ್ದರೆ ತಾತ್ಕಾಲಿಕವಾಗಿ ಹಗುರ ಅನ್ನಿಸಬಹುದು, ಆದರೆ ಒಳಗಿನ ಗಂಟು ಹಾಗೇ ಉಳಿಯುತ್ತದೆ ಅನ್ನುತ್ತಿದ್ದರು. ಎರಡನೆಯ ಥರದವರನ್ನು ಸುದ್ದಿಯವರು ಎಸ್ಟ್ರೇಂಜ್ಡ್ ಅಂತ ಬರೆಯುವುದಿಲ್ಲ, ಅದು ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ.

ಅತ್ತಿಗೆ, ನೀವು ಹಾಕಿದ ತುಣುಕಿನ ಕೆಳಗಿನ ಭಾಗ ಕಟ್ ಆಗಿದೆ. ಡೈವೋರ್ಸ್ ಕೇಸ್ ನಡೆಯುತ್ತಿದೆ ಅಂತ ಅಲ್ಲಿ ಏನಾದರೂ ಬರೆದಿದ್ದಾರಾ ನೋಡಿ, ಇದ್ದರೆ ಆ ಸಾಲನ್ನೂ ಇಲ್ಲೇ ಹಾಕಿ.