ಜಲೋದರವೋ, ಹೊಟ್ಟೆಯಲ್ಲಿ ಸೇರಿದ ನೀರೋ? ಬಿಡುಗಡೆ ಪತ್ರಕ್ಕೆ ಪದ ಬೇಕಾಗಿದೆ

ಕೋಲಾರದ ಆಸ್ಪತ್ರೆಯೊಂದರ ವೈದ್ಯಕೀಯ ದಾಖಲೆ ವಿಭಾಗದಲ್ಲಿ ನನ್ನ ಕೆಲಸ. ಒಳರೋಗಿಗಳ ಕಡತ ಓದಿ, ವೈದ್ಯರು ಬರೆದ ರೋಗನಿರ್ಣಯಕ್ಕೆ ಐಸಿಡಿ-10ರ, ಎಂದರೆ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ ಹತ್ತನೆಯ ಆವೃತ್ತಿಯ, ಸಂಕೇತ ಹಾಕುತ್ತೇವೆ. ಮನೆಗೆ ಹೊರಡುವವರ ಕೈಗೆ ಇಂಗ್ಲಿಷ್ ಪತ್ರದ ಜೊತೆ ಕನ್ನಡದಲ್ಲಿಯೂ ಒಂದು ಪುಟದ ಸಾರಾಂಶ ಕೊಡಬೇಕೆಂದು ಈಗ ಪದಪಟ್ಟಿ ಸಿದ್ಧಪಡಿಸುತ್ತಿದ್ದೇವೆ. ಬಹಳಷ್ಟು ಪದಗಳು ಸಲೀಸಾಗಿ ಒದಗಿದವು. ‘ಅಸೈಟಿಸ್’ ಎಂಬಲ್ಲಿ ಮಾತ್ರ ನಮ್ಮೊಳಗೇ ಒಮ್ಮತವಿಲ್ಲ. ಹೊಟ್ಟೆಯ ಒಳಗೋಡೆಗೂ ಕರುಳಿಗೂ ಹೊದಿಕೆಯಾದ ಪೆರಿಟೋನಿಯಂ ಪೊರೆಯ ನಡುವಿನ ಜಾಗದಲ್ಲಿ ದ್ರವ ಸೇರುವುದಕ್ಕೆ ಈ ಹೆಸರು.

ಸಿದ್ಧವಾಗಿರುವ ಪದ ಜಲೋದರ. ಹಳೆಯದು, ಗೌರವದ್ದು. ಆಯುರ್ವೇದ ಹೇಳುವ ಎಂಟು ಉದರರೋಗಗಳಲ್ಲಿ ಅದೂ ಒಂದು. ವರುಣನಿಗೆ ಕೊಟ್ಟ ಮಾತಿಗೆ ತಪ್ಪಿದ ಹರಿಶ್ಚಂದ್ರನ ಹೊಟ್ಟೆ ಊದಿಕೊಂಡ ವೈದಿಕ ಕಥೆಯನ್ನು ಹೇಳುವವರೂ ಇದೇ ಪದವನ್ನು ಬಳಸುತ್ತಾರೆ. ನನ್ನ ಆಕ್ಷೇಪ ಇರುವುದು ಇಲ್ಲಿಯೇ. ಜಲೋದರ ಎಂದೊಡನೆ ಅದೊಂದು ಸ್ವತಂತ್ರ ರೋಗ, ಪತ್ತೆ ಮುಗಿಯಿತು ಎಂಬ ಭಾವನೆ ಬರುತ್ತದೆ. ಐಸಿಡಿ-10ರಲ್ಲಿ ಅಸೈಟಿಸ್‌ನ ಸಂಕೇತ ಆರ್ 18. ‘ಆರ್’ ಅಕ್ಷರದ ಅಧ್ಯಾಯ ಲಕ್ಷಣಗಳಿಗೆ ಮೀಸಲು. ಮುಂದಿನ ಆವೃತ್ತಿಯಾದ ಐಸಿಡಿ-11ರಲ್ಲಿಯೂ ಅದು ಎಂಇ 04 ಆಗಿ ಲಕ್ಷಣಗಳ ಅಧ್ಯಾಯದಲ್ಲಿಯೇ ಉಳಿದಿದೆ. ಕಡತದಲ್ಲಿ ‘ಅಸೈಟಿಸ್’ ಎಂಬ ಒಂದೇ ಮಾತು ಇದ್ದರೆ ನಾವು ಹಾಕಬಹುದಾದದ್ದು ಈ ಲಕ್ಷಣದ ಸಂಕೇತವೊಂದೇ. ರೋಗ ಯಾವುದೆಂದು ಯಾರಿಗೂ ತಿಳಿಯುವುದಿಲ್ಲ.

ಕಾರಣಗಳಾದರೋ ಒಂದಕ್ಕೊಂದು ಸಂಬಂಧವಿಲ್ಲದವು. ಮದ್ಯದಿಂದ ಲಿವರ್ ಗಂಟುಗಟ್ಟಿದ್ದರೆ (ಸಿರೋಸಿಸ್) ಕೆ 70.3. ಹೊಟ್ಟೆಯ ಕ್ಷಯವಾದರೆ ಎ 18.3, ಔಷಧ ತಪ್ಪದೆ ತೆಗೆದುಕೊಂಡರೆ ಗುಣವಾಗುವ ಕಾಯಿಲೆ. ಅಂಡಾಶಯದ ಕ್ಯಾನ್ಸರ್ ಆದರೆ ಸಿ 56. ಹೃದಯ ಸೋತಿದ್ದರೂ, ಮೂತ್ರಪಿಂಡದಿಂದ ಪ್ರೋಟೀನ್ ಸೋರಿಹೋಗುತ್ತಿದ್ದರೂ ಹೊಟ್ಟೆ ಹೀಗೆಯೇ ಊದುತ್ತದೆ. ಬಂಗಾರಪೇಟೆಯ ಕ್ಷಯರೋಗಿಯ ಕೈಯಲ್ಲಿ ಬರೇ ‘ಜಲೋದರ’ ಎಂದು ಬರೆದ ಪತ್ರವಿದ್ದರೆ, ನೋಡಿದ ನೆಂಟರೆಲ್ಲ ಕುಡಿತವೇ ಕಾರಣವೆಂದು ತೀರ್ಮಾನಿಸಿಬಿಡುತ್ತಾರೆ. ಒಂದು ಹನಿಯನ್ನೂ ಮುಟ್ಟದ ಹೆಂಗಸರು ಈ ಅನುಮಾನ ಹೊತ್ತು ಮನೆಗೆ ಹೋಗುವುದು ನನಗೆ ಸಹಿಸಲಾಗದ ಸಂಗತಿ. ಮರಣ ಕಾರಣ ಪ್ರಮಾಣಪತ್ರದ ನಮೂನೆ 4ರಲ್ಲಿಯೂ ತೊಡಕು ಇದೇ: ಲಕ್ಷಣವನ್ನಷ್ಟೇ ಬರೆದರೆ ಮೂಲ ಕಾರಣದ ಸಾಲು ಬರಿದಾಗುತ್ತದೆ.

ಹಾಗಾದರೆ ‘ಹೊಟ್ಟೆಯಲ್ಲಿ ನೀರು’? ಜನ ಆಡುವುದು ಇದನ್ನೇ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ತೆಲುಗು ಮನೆಮಾತಿನವರು ‘ಕಡುಪುಲೋ ನೀಳ್ಳು’ ಎನ್ನುತ್ತಾರೆ, ಅರ್ಥ ಅದೇ. ಒಬ್ಬ ಸಹೋದ್ಯೋಗಿಯ ವಿರೋಧವಿದೆ: ಅದು ನೀರಲ್ಲ, ಅಲ್ಬುಮಿನ್ ಎಂಬ ಪ್ರೋಟೀನ್ ಇರುವ ದ್ರವ, ಆದ್ದರಿಂದ ‘ಉದರದ್ರವ’ ಎನ್ನಬೇಕು. ನಾನು ಒಪ್ಪುವುದಿಲ್ಲ. ಬೊಬ್ಬೆಯಲ್ಲಿ ತುಂಬುವುದೂ ಹೆರಿಗೆಗೆ ಮುಂಚೆ ಒಡೆಯುವುದೂ ಕನ್ನಡಕ್ಕೆ ನೀರೇ. ಮೈಯೊಳಗಿನ ತಿಳಿದ್ರವಗಳಿಗೆಲ್ಲ ಈ ಪದ ಮೊದಲಿನಿಂದ ಸಲ್ಲುತ್ತಿದೆ.

ಆದರೆ ಅವರ ಇನ್ನೊಂದು ಮಾತನ್ನು ತಳ್ಳಿಹಾಕಲಾರೆ. ನೀರು ಎಂದು ಓದಿದ ರೋಗಿ ಕುಡಿದ ನೀರೇ ಹೊಟ್ಟೆಯಲ್ಲಿ ನಿಂತಿದೆ ಎಂದು ತಿಳಿದು, ಬೇಸಿಗೆಯಲ್ಲಿಯೂ ನೀರು ಕುಡಿಯುವುದನ್ನು ಬಿಡುತ್ತಾನೆ. ಮುದ್ದೆಯ ಜೊತೆಗಿನ ಉಪ್ಪಿನಕಾಯಿ ಮಾತ್ರ ಎಂದಿನಂತೆ ಇರುತ್ತದೆ. ಲಿವರ್ ಸಿರೋಸಿಸ್‌ನವರು ಮೊದಲು ಹಿಡಿತದಲ್ಲಿ ಇಡಬೇಕಾದದ್ದು ಉಪ್ಪನ್ನು. ದಿನಕ್ಕೆ ಸುಮಾರು 2 ಗ್ರಾಂ ಸೋಡಿಯಂ, ಎಂದರೆ 5 ಗ್ರಾಂ ಉಪ್ಪು, ಅದೂ ಅಡುಗೆಯದೆಲ್ಲ ಸೇರಿ. ನೀರಿನ ಮಿತಿ ಸಾಮಾನ್ಯವಾಗಿ ರಕ್ತದ ಸೋಡಿಯಂ ಬಹಳ ಇಳಿದವರಿಗೆ ಮಾತ್ರ. ಹಾಗಾಗಿ ಪದ ಯಾವುದೇ ಆಗಲಿ, ಉಪ್ಪಿನ ಮಾತು ಅದರ ಪಕ್ಕದಲ್ಲಿಯೇ ಇರಬೇಕೆಂಬುದು ನನ್ನ ಹಟ.

ಕ್ರಿಯಾಪದವೂ ಇತ್ಯರ್ಥವಾಗಬೇಕು. ‘ತುಂಬಿದೆ’ ಎಂದರೆ ಹೊಟ್ಟೆ ಬಿಗಿಯಾಗಿ ಉಬ್ಬಿರುವ ಮೂರನೆಯ ಹಂತಕ್ಕೆ ಸರಿ. ಮೊದಲ ಹಂತದ್ದು ಅಲ್ಟ್ರಾಸೌಂಡ್‌ನಲ್ಲಿ ಮಾತ್ರ ಕಾಣುತ್ತದೆ; ಅದಕ್ಕೂ ‘ತುಂಬಿದೆ’ ಎಂದು ಬರೆದು ಜನರನ್ನು ಹೆದರಿಸುವುದು ಬೇಡ. ‘ಸೇರಿದೆ’ ಎಂಬುದು ಎಲ್ಲ ಹಂತಕ್ಕೂ ಒಗ್ಗುತ್ತದೆ. ‘ಊರಿದೆ’ ಎಂಬ ಪದದ ಮೇಲೆ ನನಗೆ ಆಸೆ. ಬಾವಿಯ ಒರತೆಯಂತೆ ಒತ್ತಡಕ್ಕೆ ಒಸರಿ ಬರುವುದನ್ನು ಅದು ಸರಿಯಾಗಿ ಹಿಡಿಯುತ್ತದೆ, ಸಿರೋಸಿಸ್‌ನಲ್ಲಿ ನಡೆಯುವುದೂ ಹೆಚ್ಚುಕಡಿಮೆ ಅದೇ. ಪತ್ರದಲ್ಲಿ ಓದಿದವರಿಗೆ ಅದು ವಿಚಿತ್ರವೆನಿಸಬಹುದೇ?

ನನ್ನ ಕರಡು ಸದ್ಯಕ್ಕೆ ಹೀಗಿದೆ: ‘ಲಿವರ್ ಸಿರೋಸಿಸ್‌ನಿಂದ ಹೊಟ್ಟೆಯಲ್ಲಿ ನೀರು ಸೇರಿದೆ (ಜಲೋದರ)’. ಇಲ್ಲಿನ ‘ಇಂದ’ ಪ್ರತ್ಯಯಕ್ಕಾಗಿ ನಾನು ವಾದಿಸುತ್ತಿದ್ದೇನೆ. ಕೆಲವರು ‘ಜಲೋದರಸಹಿತ ಸಿರೋಸಿಸ್’ ಎನ್ನುತ್ತಾರೆ. ಅಮೆರಿಕದ ಸಂಕೇತಪುಸ್ತಕದಲ್ಲಿ ಕೆ 70.31 ಎಂಬ ಒಂದೇ ಸಂಕೇತ ಮದ್ಯದ ಸಿರೋಸಿಸ್ಸನ್ನೂ ಅಸೈಟಿಸ್ಸನ್ನೂ ಒಟ್ಟಿಗೆ ಹೇಳುತ್ತದೆ. ಅಲ್ಲಿನ ನಿಯಮದ ಪ್ರಕಾರ ‘ಸಹಿತ’ ಎಂದರೆ ವೈದ್ಯರು ಬೇರೆ ಹೇಳದ ಹೊರತು ಕಾರಣಸಂಬಂಧ ಇದೆ ಎಂದೇ ಅರ್ಥ. ಕನ್ನಡದ ‘ಸಹಿತ’ಕ್ಕೆ ಆ ಬಲವಿಲ್ಲ. ‘ಪತ್ನೀಸಹಿತ ಬಂದರು’ ಎಂದರೆ ಜೊತೆಗೆ ಬಂದರು, ಅಷ್ಟೇ. ಕಾರಣ ಇನ್ನೂ ಪತ್ತೆಯಾಗದಿದ್ದರೆ ‘ಕಾರಣ ಪರೀಕ್ಷೆಯಲ್ಲಿದೆ’ ಎಂದು ಸ್ಪಷ್ಟವಾಗಿ ಬರೆಯುವುದು ಮೇಲು.

ಕೊನೆಯದಾಗಿ, ಸೂಜಿ ಚುಚ್ಚಿ ದ್ರವ ಹೊರತೆಗೆಯುವ ಕ್ರಿಯೆ. ಪರೀಕ್ಷೆಗೆಂದು ಸಿರಿಂಜಿನಲ್ಲಿ ತುಸು ತೆಗೆಯುವುದೂ, ಉಸಿರು ಕಟ್ಟುವವರಿಗೆ ಲೀಟರ್‌ಗಟ್ಟಲೆ ಹೊರಹಾಕುವುದೂ ಎರಡು ಬೇರೆ ಕೆಲಸಗಳು. ಸಿರೋಸಿಸ್‌ನವರಿಗೆ 5 ಲೀಟರ್ ಮೀರಿ ತೆಗೆದರೆ, ತೆಗೆದ ಪ್ರತಿ ಲೀಟರಿಗೆ 6ರಿಂದ 8 ಗ್ರಾಂ ಅಲ್ಬುಮಿನ್ ರಕ್ತನಾಳಕ್ಕೆ ಕೊಡುತ್ತಾರೆ. ಎಷ್ಟು ತೆಗೆದರೆಂದು ಪತ್ರದಲ್ಲಿ ಇರಲೇಬೇಕು. ಮೊದಲನೆಯದಕ್ಕೆ ‘ನೀರು ತೆಗೆಯುವುದು’, ಎರಡನೆಯದಕ್ಕೆ ‘ನೀರು ಬಸಿಯುವುದು’ ಎಂದು ಬೇರ್ಪಡಿಸಬಹುದೆಂದು ನನ್ನ ಯೋಚನೆ. ನಿಮ್ಮ ಕಡೆ ‘ಬಸಿ’ ಎಂಬುದು ಅನ್ನಕ್ಕೂ ಹೊಲದ ಕಾಲುವೆಗೂ ಮಾತ್ರ ಸಲ್ಲುತ್ತದೆಯೇ, ಮನುಷ್ಯರ ಮೈಗೂ ಬಳಸಿದ್ದನ್ನು ಕೇಳಿದ್ದೀರಾ? ದಯವಿಟ್ಟು ಊರಿನ ಹೆಸರಿನೊಂದಿಗೆ ತಿಳಿಸಿ.