ಬ್ಯಾಟರಿ ಇಲ್ಲದ ರೇಡಿಯೋ: ಎಲ್ಲ ಬಿಚ್ಚಿ ನೋಡುವ ಮಕ್ಕಳಿಗೆ

ಮಗಳಿಗೆ ಹತ್ತು ವರ್ಷ, ಸಿಕ್ಕಿದ್ದನ್ನೆಲ್ಲ ಬಿಚ್ಚುತ್ತಾಳೆ, ಯಾವ ಕೋಡಿಂಗ್ ಕ್ಲಾಸಿಗೆ ಸೇರಿಸೋಣ ಅಂತ ಕೇಳಿದ್ದೀರಿ. ಕ್ಲಾಸು ಆಮೇಲಿರಲಿ ಮೇಡಂ. ನೀವು ಅಮೆರಿಕದಲ್ಲಿರೋದರಿಂದ ಎಎಂ ಸ್ಟೇಷನ್‌ಗಳು ಚೆನ್ನಾಗಿ ಸಿಗುತ್ತವೆ, ಅವಳ ಕೈಯಲ್ಲೇ ಕ್ರಿಸ್ಟಲ್ ರೇಡಿಯೋ, ಅಂದರೆ ಬ್ಯಾಟರಿಯೇ ಬೇಡದ ರೇಡಿಯೋ, ಮಾಡಿಸಿ.

7.5 ಸೆಂ.ಮೀ. ಅಡ್ಡಗಲದ ರಟ್ಟಿನ ಕೊಳವೆಗೆ 0.5 ಮಿ.ಮೀ. ಎನಾಮಲ್ ತಂತಿಯನ್ನು (ಮೇಲೆ ಕರೆಂಟ್ ಹರಿಯದ ತೆಳು ಲೇಪವಿರುವ ತಾಮ್ರದ ತಂತಿ) 50ರಿಂದ 55 ಸುತ್ತು ಒತ್ತೊತ್ತಾಗಿ ಸುತ್ತಲಿ, ಇದೇ ಕಾಯಿಲು. ಅಳತೆ ಸರಿಯಿದೆ ಅಂತ ಚಿಪ್ಸ್ ಡಬ್ಬಿ ತಗೋಬೇಡಿ. ಒಳಗೆ ಅಂಟಿಸಿರುವ ಅಲ್ಯೂಮಿನಿಯಂ ಹಾಳೆ ಕಾಯಿಲನ್ನು ಕೆಡಿಸುತ್ತದೆ. ಕಾಯಿಲಿನ ಎರಡು ತುದಿಗೆ 365 ಪಿಕೋಫ್ಯಾರಡ್ ವೇರಿಯಬಲ್ ಕೆಪಾಸಿಟರ್ (ತಿರುಗಿಸಿ ಸ್ಟೇಷನ್ ಹಿಡಿಯುವ ಭಾಗ), ನಮ್ಮೂರ ರೇಡಿಯೋ ರಿಪೇರಿಯವರು ‘ಗ್ಯಾಂಗ್’ ಅನ್ನೋದು. ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಜರ್ಮೇನಿಯಂನದೇ ಬೇಕು, 1ಎನ್34ಎ ಆಗುತ್ತದೆ. ಸಿಲಿಕಾನ್ ಡಯೋಡಿಗೆ ಸುಮಾರು 0.6 ವೋಲ್ಟ್ ಬೇಕು, ಆಂಟೆನಾದಿಂದ ಅಷ್ಟು ಸಿಗುವುದಿಲ್ಲ. ಫೋನಿನ ಇಯರ್‌ಫೋನೂ ನಡೆಯಲ್ಲ. ಸಿರಾಮಿಕ್ ಇಯರ್‌ಪೀಸ್ ತಂದು ಅದಕ್ಕೆ ಅಡ್ಡಲಾಗಿ 47 ಕಿಲೋ ಓಮ್ ರೆಸಿಸ್ಟರ್ ಹಾಕಿ.

ಆಂಟೆನಾಗೆ 15 ಮೀಟರ್ ತಂತಿ, ಕಾಯಿಲಿನ ಮೇಲ್ತುದಿಗೆ. ಕೆಳತುದಿಯ ಅರ್ಥ್ ಅನ್ನು ಲೋಹದ ನೀರಿನ ಪೈಪಿಗೆ ಕೊಡಿ, ಗ್ಯಾಸ್ ಪೈಪಿಗಾಗಲಿ ಕರೆಂಟ್ ಸಾಕೆಟ್ಟಿಗಾಗಲಿ ಖಂಡಿತ ಬೇಡ. ಗುಡುಗು ಬಂದರೆ ಆಂಟೆನಾ ಬಿಚ್ಚಿಡಿ.

ಸದ್ದು ಬರದಿದ್ದರೆ ಹೆಚ್ಚಾಗಿ ತಪ್ಪಿರೋದು ತಂತಿಯ ತುದಿಯಲ್ಲಿ: ಎನಾಮಲ್ ಪೂರ್ತಿ ಹೋಗಿರಲ್ಲ, ಮರಳುಕಾಗದದಿಂದ ಉಜ್ಜಬೇಕು. ಆದರೆ ದಯವಿಟ್ಟು ಇದನ್ನು ಅವಳಿಗೆ ಹೇಳಿಕೊಡಬೇಡಿ. ಮಲ್ಟಿಮೀಟರ್ ಕೊಟ್ಟು ಒಂದೊಂದೇ ಜಾಯಿಂಟ್ ನೋಡಲು ಬಿಡಿ. ಎರಡು ವಾರ ಹಿಡಿದರೂ ಹಿಡಿಯಲಿ. ಎರಡು ಸ್ಟೇಷನ್ ಕಲಸಿ ಕೇಳಿದರೆ, ಆಂಟೆನಾವನ್ನು ಕಾಯಿಲಿನ ಮೇಲ್ತುದಿಯಿಂದ ತೆಗೆದು ಅರ್ಥ್ ಕಡೆಯಿಂದ ಹತ್ತನೇ ಸುತ್ತಿಗೆ ಕೊಡಬೇಕು.

*

ಜರ್ಮನಿಯಲ್ಲಿರುವವರು ಇದನ್ನು ಓದಿ ಕಿಟ್ ತರಿಸುವ ಮೊದಲು ಒಂದು ಮಾತು. ಇಲ್ಲಿನ ಸಾರ್ವಜನಿಕ ರೇಡಿಯೋ ಮಿಡಿಯಂ ವೇವ್ ಪ್ರಸಾರವನ್ನು (ಈ ರೇಡಿಯೋ ಹಿಡಿಯುವ ಎಎಂ ಅದೇ) 2015ರ ಕೊನೆಗೇ ನಿಲ್ಲಿಸಿತು. ಎಲ್ಲ ಸರಿಯಾಗಿ ಮಾಡಿದ ಮಗುವಿಗೂ ಹಗಲಲ್ಲಿ ಏನೂ ಕೇಳದೆ ಇರಬಹುದು, ಪಾಪ.

ಇಲ್ಲಿ ಮೊದಲು ಮೋಟಾರ್ ಮಾಡಿಸಿ. ದಪ್ಪ ಸೆಲ್ ಒಂದು, ಅದರ ಎರಡು ಕಡೆ ಸೇಫ್ಟಿ ಪಿನ್, ಮೇಲೊಂದು ಮ್ಯಾಗ್ನೆಟ್, ಎರಡು ತುದಿ ಪಿನ್ನುಗಳ ತೂತಿನಲ್ಲಿ ಕೂರುವ ಹಾಗೆ ಅದೇ ತಂತಿಯ 10-15 ಸುತ್ತಿನ ಉಂಗುರ. ಒಂದು ತುದಿಯ ಎನಾಮಲ್ ಪೂರ್ತಿ ಕೆರೆಯಬೇಕು, ಇನ್ನೊಂದರದು ಅರ್ಧ ಸುತ್ತಳತೆ ಮಾತ್ರ. ಎರಡನ್ನೂ ಪೂರ್ತಿ ಕೆರೆದರೆ ಅರ್ಧ ಸುತ್ತಿಗೊಮ್ಮೆ ತಳ್ಳುವ ದಿಕ್ಕು ತಿರುಗಿ, ಉಂಗುರ ಅತ್ತಿತ್ತ ತೂಗುತ್ತದೆ ಅಷ್ಟೇ. ಸೆಲ್ ಬಿಸಿಯಾಗುತ್ತದೆ, ಅರ್ಧ ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ.

ರೇಡಿಯೋ ಮಾಡಿದ್ದರೆ ಎಸೆಯಬೇಡಿ, ರಜೆಗೆ ಅಜ್ಜಿ ಮನೆಗೆ ಒಯ್ಯಿರಿ. ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಸ್. ಗ್ಯಾಂಗಿನ ತಟ್ಟೆಗಳು ಮುಕ್ಕಾಲು ಪಾಲು ಒಳಗೆ ಸೇರಿದಲ್ಲಿ ಹುಡುಕಲು ಹೇಳಿ.