ದುಬೈಗೆ ಹೊರಟ ಅಮ್ಮನ ಲಸಿಕೆ ಸರ್ಟಿಫಿಕೇಟಿನಲ್ಲಿ ಹೆಸರು ಬೇರೆ, ಏನು ಮಾಡುವುದು? (ನವೆಂಬರ್ 2021, ಕೋವಿಡ್ ಕಾಲದ ಪ್ರಶ್ನೋತ್ತರ; ಇಲ್ಲಿನ ನಿಯಮಗಳು ಆಗಿನವು)

ಪ್ರಶ್ನೆ, ಉಡುಪಿಯಿಂದ: ಅಮ್ಮ ವಿಸಿಟ್ ವೀಸಾದಲ್ಲಿ ಮಂಗಳೂರಿನಿಂದ ದುಬೈಗೆ ಹೊರಡುವವರಿದ್ದಾರೆ. ಪಾಸ್‌ಪೋರ್ಟಿನಲ್ಲಿ ‘ಶಾರದಾ ಕೋಟ್ಯಾನ್’, ಕೋವಿನ್ (ಸರ್ಕಾರದ ಕೋವಿಡ್ ಲಸಿಕೆ ಪೋರ್ಟಲ್) ಸರ್ಟಿಫಿಕೇಟಿನಲ್ಲಿ ಆಧಾರಿನಂತೆ ‘ಶಾರದಾ ಕೆ.’. ಎರಡು ಡೋಸ್ ಕೋವಿಶೀಲ್ಡ್ ಆಗಿದೆ. ಆದರೆ ಎರಡು ಸರ್ಟಿಫಿಕೇಟ್ ಬಂದು, ಎರಡರಲ್ಲೂ ‘ಮೊದಲ ಡೋಸ್’ ಅಂತಲೇ ತೋರಿಸ್ತಿದೆ. ತಿಳಿದವರು ಹೇಳಿ.

ಸುರತ್ಕಲ್‌ನಿಂದ: ಎರಡನೇ ಡೋಸಿಗೆ ಬೇರೆ ಮೊಬೈಲ್ ನಂಬರ್ ಕೊಟ್ಟಿರ್ತೀರಿ, ಅದಕ್ಕೇ ಹೀಗೆ. ಕೋವಿನ್‌ಗೆ ಅವರು ಇಬ್ಬರು ಬೇರೆ ಬೇರೆ ಜನ. ಲಾಗಿನ್ ಆಗಿ ‘ರೈಸ್ ಆ್ಯನ್ ಇಶ್ಯೂ’ ಒತ್ತಿ, ಎರಡು ಮೊದಲ ಡೋಸ್ ಸರ್ಟಿಫಿಕೇಟುಗಳನ್ನು ಒಂದು ಮಾಡುವ ಆಯ್ಕೆ ಅಲ್ಲೇ ಉಂಟು. ಮೊದಲು ಅದು ಮುಗಿಯಲಿ. ಆಮೇಲೆ ಅದೇ ಜಾಗದಲ್ಲಿ ‘ಕರೆಕ್ಷನ್ ಇನ್ ಸರ್ಟಿಫಿಕೇಟ್’ಗೆ ಹೋಗಿ ಹೆಸರು ತಿದ್ದಿ. ತಿದ್ದಲು ಒಂದೇ ಅವಕಾಶ, ಹಾಗಾಗಿ ಪಾಸ್‌ಪೋರ್ಟ್ ಎದುರಿಗಿಟ್ಟು ಇಂಗ್ಲಿಷ್ ಅಕ್ಷರ ಒಂದೊಂದಾಗಿ ನೋಡಿ ಟೈಪ್ ಮಾಡಿ. ನಮ್ಮ ಕಡೆ ಮನೆತನದ ಹೆಸರು ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಬರೀ ಇನಿಷಿಯಲ್. ಕೌಂಟರಿನಲ್ಲಿ ಅದೇ ತಕರಾರು. ಕೊನೆಗೆ ‘ಆ್ಯಡ್ ಪಾಸ್‌ಪೋರ್ಟ್ ಡೀಟೇಲ್ಸ್’. ಈ ಕ್ರಮ ತಪ್ಪಿಸಬೇಡಿ ಮಾರಾಯ್ರೆ. ಎಲ್ಲ ಆದ ಮೇಲೆ ವಿದೇಶ ಪ್ರಯಾಣದ ಸರ್ಟಿಫಿಕೇಟ್ ಹೊಸದಾಗಿ ಡೌನ್‌ಲೋಡ್ ಮಾಡಿ. ಅದರಲ್ಲಿ ಬರೀ ವಯಸ್ಸಲ್ಲ, ಪೂರ್ತಿ ಹುಟ್ಟಿದ ದಿನ ಇರುತ್ತದೆ. ವಾಟ್ಸಾಪಿನಲ್ಲಿ ಬಿದ್ದಿರುವ ಹಳೇ ಪಿಡಿಎಫ್ ತನ್ನಷ್ಟಕ್ಕೆ ಬದಲಾಗುವುದಿಲ್ಲ, ಅಳಿಸಿಬಿಡಿ.

ಕಂಕನಾಡಿಯಿಂದ: ಒಂದು ಎಚ್ಚರಿಕೆ. ಕೆಲವರು ಸೈಬರ್ ಸೆಂಟರಿಗೆ ಹೋಗಿ ಪಿಡಿಎಫ್‌ನಲ್ಲೇ ಹೆಸರು ತಿದ್ದಿಸುತ್ತಾರೆ. ಖಂಡಿತ ಬೇಡ. ಮೇಲೆ ಕಾಣುವ ಅಕ್ಷರ ಬದಲಾದರೂ ಕ್ಯೂಆರ್ ಒಳಗಿನ ಮಾಹಿತಿಗೆ ಡಿಜಿಟಲ್ ಸಹಿ ಬಿದ್ದಿದೆ. ಸ್ಕ್ಯಾನ್ ಮಾಡಿದರೆ ‘ಶಾರದಾ ಕೆ.’ ಅಂತಲೇ ಬರುತ್ತದೆ, ಆಗ ಅದು ನಕಲಿ ದಾಖಲೆ ಅನ್ನಿಸಿಕೊಳ್ಳುತ್ತದೆ. ಹೊಸ ಸರ್ಟಿಫಿಕೇಟ್ ಬಂದ ಕೂಡಲೇ ಕೋವಿನ್‌ನ ವೆರಿಫೈ ಪುಟದಲ್ಲಿ ನೀವೇ ಸ್ಕ್ಯಾನ್ ಮಾಡಿ ನೋಡಿ.

ಪ್ರಿಂಟ್ ಎ4ನಲ್ಲಿ ಪೂರ್ಣ ಅಳತೆಗೆ ತೆಗೆಯಿರಿ. ಕ್ಯೂಆರ್ ಚೌಕದ ಮೇಲೆ ಮಡಿಕೆ ಬೀಳಬಾರದು. ಲ್ಯಾಮಿನೇಷನ್ ಬೇಡ, ಟ್ಯೂಬ್‌ಲೈಟಿನ ಬೆಳಕು ಅದರ ಮೇಲೆ ಹೊಳೆದು ಕ್ಯಾಮೆರಾ ಓದುವುದಿಲ್ಲ. ಫೋನಿಗೆ ಕಳಿಸುವಾಗ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿಯೇ ಕಳಿಸಿ. ಫೋಟೋ ಆದರೆ ವಾಟ್ಸಾಪ್ ಅದನ್ನು ಕುಗ್ಗಿಸಿ ಚುಕ್ಕೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಬಜ್ಪೆಯಿಂದ: ಲಸಿಕೆ ಸರ್ಟಿಫಿಕೇಟ್ ಸರಿಯಿದ್ದರೂ ದುಬೈ ವಿಮಾನಕ್ಕೆ ಎರಡು ಕೋವಿಡ್ ಟೆಸ್ಟ್ ಬೇಕೇ ಬೇಕು. ಮೊದಲನೆಯದು ವಿಮಾನ ಹೊರಡುವ ಮೊದಲಿನ 48 ಗಂಟೆಯೊಳಗಿನ ಆರ್‌ಟಿ-ಪಿಸಿಆರ್. 48 ಗಂಟೆ ಲೆಕ್ಕ ಗಂಟಲ ದ್ರವ ಕೊಟ್ಟ ಹೊತ್ತಿನಿಂದ, ರಿಪೋರ್ಟ್ ಕೈಗೆ ಬಂದ ಹೊತ್ತಿನಿಂದ ಅಲ್ಲ. ವಿಮಾನ ಭಾನುವಾರ ಬೆಳಿಗ್ಗೆ 9ಕ್ಕಾದರೆ ಸ್ಯಾಂಪಲ್ ಶುಕ್ರವಾರ ಬೆಳಿಗ್ಗೆ 9ಕ್ಕಿಂತ ಮೊದಲು ಕೊಟ್ಟಿರಬಾರದು. ಶುಕ್ರವಾರ ಮಧ್ಯಾಹ್ನ ಕೊಡುವುದು ಒಳ್ಳೆಯದು, ವಿಮಾನ ಒಂದೆರಡು ಗಂಟೆ ತಡವಾದರೂ ಲೆಕ್ಕ ತಪ್ಪುವುದಿಲ್ಲ. ರಿಪೋರ್ಟ್ ಇಂಗ್ಲಿಷಿನಲ್ಲೋ ಅರೇಬಿಕ್‌ನಲ್ಲೋ ಇರಬೇಕು. ಹೆಸರು, ಪಾಸ್‌ಪೋರ್ಟ್ ನಂಬರ್ ಸ್ಯಾಂಪಲ್ ಕೊಡುವಾಗಲೇ ಬರೆಸಿ. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಮೂಲ ರಿಪೋರ್ಟೇ ತೆರೆಯಬೇಕು. ಲ್ಯಾಬಿನ ಮುಖಪುಟ ತೆರೆದರೆ ಚೆಕ್‌-ಇನ್‌ನಲ್ಲಿ ಒಪ್ಪುವುದಿಲ್ಲ. ಲ್ಯಾಬಿನಿಂದ ಹೊರಡುವ ಮೊದಲೇ ಇದನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ.

ಎರಡನೆಯದು ಏರ್‌ಪೋರ್ಟಿನೊಳಗೆ ರ‍್ಯಾಪಿಡ್ ಪಿಸಿಆರ್, ವಿಮಾನ ಹೊರಡುವ ಮೊದಲಿನ 6 ಗಂಟೆಯ ಒಳಗೆ. ತೀರಾ ಬೇಗ ಮಾಡಿಸಿದರೂ ನಡೆಯುವುದಿಲ್ಲ, ತಡವಾದರೆ ಫಲಿತಾಂಶ ಬರುವಾಗ ಕೌಂಟರ್ ಮುಚ್ಚಿರುತ್ತದೆ. ವಯಸ್ಸಾದವರಿಗೆ ಇದು ಉದ್ದದ ಕಾಯುವಿಕೆ. ವೀಲ್‌ಚೇರ್ ಮೊದಲೇ ಬುಕ್ ಮಾಡಿ, ಬಿಪಿ ಶುಗರ್ ಮಾತ್ರೆ ಕೈಚೀಲದಲ್ಲೇ ಇರಲಿ.

ಮಣಿಪಾಲದಿಂದ: ವಾಪಸ್ ಬರುವಾಗಿನದ್ದು ಯಾರೂ ಹೇಳಲಿಲ್ಲ. ಅಲ್ಲಿಂದ ಹೊರಡುವ ಮೊದಲು ಏರ್ ಸುವಿಧಾ ಎಂಬ ಸರ್ಕಾರಿ ಪೋರ್ಟಲಿನಲ್ಲಿ ಫಾರ್ಮ್ ತುಂಬಿ, 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ಹಾಕಬೇಕು. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ ಸ್ಕ್ಯಾನ್ ಮಾಡಿ ಅಮ್ಮನ ಫೋನಿನಲ್ಲಿ ಈಗಲೇ ಇಟ್ಟುಕೊಡಿ.